ಡಿಶ್ ಪಕ್ಕ 5ಜಿ ಟವರ್ ಬಂದರೆ ಕೇಬಲ್‌ನವರ ಕೈಯಲ್ಲಿ ಯಾವ ಕಾಗದ ಇರಬೇಕು?

ಪ್ರಶ್ನೆ: ಕಾಸರಗೋಡಿನ ಕುಂಬಳೆ ಹತ್ತಿರ ಸ್ವಂತ ಕಂಟ್ರೋಲ್ ರೂಮ್ ಇಟ್ಟುಕೊಂಡು ಕೇಬಲ್ ಜಾಲ ನಡೆಸುತ್ತಿದ್ದೇವೆ. ತಾರಸಿಯಲ್ಲಿ ಉಪಗ್ರಹದ ಸಿ-ಬ್ಯಾಂಡ್ ತರಂಗ ಹಿಡಿಯುವ ಡಿಶ್‌ಗಳಿವೆ. ಪಕ್ಕದ ಕಟ್ಟಡದ ಮೇಲೆ 5ಜಿ ಆಂಟೆನಾ ಹಾಕಿದಂದಿನಿಂದ ಸಂಜೆ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಎಂಎಸ್‌ಒ (ಚಾನೆಲ್‌ಗಳನ್ನು ನೇರವಾಗಿ ಪಡೆದು ಕೇಬಲ್‌ನಲ್ಲಿ ಹಂಚುವವರು) ನೋಂದಣಿ ಇದೆ. ಅದೊಂದೇ ಸಾಲದೇ? ಡಿಶ್‌ಗೂ ಬೇರೆ ನೋಂದಣಿ ಬೇಕೇ? ದೂರು ಎಲ್ಲಿ ಕೊಡಬೇಕು?

ಉತ್ತರ: ಅದೊಂದೇ ಸಾಲದು. ಎಂಎಸ್‌ಒ ನೋಂದಣಿ ಕೊಡುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ. ರೇಡಿಯೊ ತರಂಗಾಂತರ ಹಂಚುವುದು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ನೀವು ಯಾರು, ಯಾವ ಸೇವೆ ಕೊಡುತ್ತೀರಿ ಎಂಬುದಕ್ಕೆ ಎಂಎಸ್‌ಒ ಪತ್ರ ಸಾಕ್ಷಿ. ನಿಮ್ಮ ಡಿಶ್ ಯಾವ ಜಾಗದಲ್ಲಿ ನಿಂತು ಯಾವ ತರಂಗ ಹಿಡಿಯುತ್ತಿದೆ ಎಂಬುದು ಅದರಲ್ಲಿ ಇಲ್ಲ. ಮೇಲಕ್ಕೆ ಸಿಗ್ನಲ್ ಕಳಿಸುವ ಟೆಲಿಪೋರ್ಟ್‌ಗೆ ಅನುಮತಿ, ಸ್ಯಾಕ್‌ಫಾ (ಆಂಟೆನಾ ನಿಲ್ಲುವ ಜಾಗ ಪರಿಶೀಲಿಸುವ ಸಮಿತಿ) ಒಪ್ಪಿಗೆ, ವೈರ್‌ಲೆಸ್ ಪರವಾನಗಿ ಎಲ್ಲ ಇರುವುದರಿಂದ ಅದು ಇಲಾಖೆಯ ಕಡತದಲ್ಲಿ ತಾನಾಗಿಯೇ ಇರುತ್ತದೆ. ನಿಮ್ಮ ಡಿಶ್ ಕೇಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಅದು ಅಲ್ಲಿದೆ ಎಂದು ಇಲಾಖೆಗೆ ತಾನಾಗಿ ಗೊತ್ತಾಗದು. ನೀವೇ ಬರೆದುಕೊಟ್ಟರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.

ಈ ಮಾತಿನ ತೂಕ ಅಮೆರಿಕದಲ್ಲಿ ಕಂಡಿತು. ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2018ರಲ್ಲಿ, ಕೇವಲ ಸ್ವೀಕರಿಸುವ ಡಿಶ್‌ಗಳನ್ನೂ ನೋಂದಾಯಿಸಿ ಎಂದು ಆ ವರ್ಷದ ಅಕ್ಟೋಬರ್ 31ರವರೆಗೆ ಅವಕಾಶ ಕೊಟ್ಟಿತು. ಮುಂದೆ 3700ರಿಂದ 3980 ಮೆಗಾಹರ್ಟ್ಸ್ ಭಾಗ ಮೊಬೈಲ್ ಕಂಪನಿಗಳ ಪಾಲಾದಾಗ, ಫಿಲ್ಟರ್ ಹಾಕಿಸುವ, ಡಿಶ್ ತಿರುಗಿಸುವ ಖರ್ಚು ವಾಪಸ್ ಸಿಕ್ಕಿದ್ದು ಆ ಪಟ್ಟಿಯಲ್ಲಿದ್ದ ಅರ್ಹರಿಗೆ. ಪಟ್ಟಿಯಲ್ಲಿ ಇಲ್ಲದವರು ತಮ್ಮ ಜೇಬಿನಿಂದಲೇ ತೆತ್ತರು.

ನಮ್ಮಲ್ಲಿ 2022ರ ಹರಾಜಿನ ನಂತರ 3300ರಿಂದ 3670 ಮೆಗಾಹರ್ಟ್ಸ್ 5ಜಿಗೆ ಬಂತು. ಉಪಗ್ರಹದಿಂದ ಇಳಿಯುವ ಸಿ-ಬ್ಯಾಂಡ್ 3700ರಿಂದ 4200. ನಡುವೆ ಉಳಿದದ್ದು 30 ಮೆಗಾಹರ್ಟ್ಸ್ ಮಾತ್ರ. ಅದೇ ವರ್ಷ ನವೆಂಬರ್‌ನಲ್ಲಿ ವಾರ್ತಾ ಸಚಿವಾಲಯವು ಹೆಡ್‌ಎಂಡ್‌ಗಳ (ಕೇಬಲ್ ಕಂಟ್ರೋಲ್ ರೂಮ್‌ಗಳ) ಡಿಶ್‌ಗಳನ್ನು ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಎಂದು ಸಲಹೆ ಹೊರಡಿಸಿತು. ಕಡ್ಡಾಯ ಅಲ್ಲ, ಸ್ವಇಚ್ಛೆ ಎಂದಿದ್ದರಿಂದ ಅದನ್ನು ಬದಿಗಿಡುವುದು ಸುಲಭವಾಗಿತ್ತು. ನೀವು ಆಗ ಮಾಡಿದ್ದರೆ ಸ್ವೀಕೃತಿ ಪತ್ರ ಹುಡುಕಿ ತೆಗೆದಿಡಿ. ಮಾಡಿರದಿದ್ದರೆ ಪೋರ್ಟಲ್‌ಗೆ ಹೋಗಿ ಅರ್ಜಿ ತೆರೆದಿದೆಯೇ ನೋಡಿ. ಇಲ್ಲವಾದರೆ ಅದೇ ವಿವರಗಳನ್ನು ಪತ್ರದಲ್ಲಿ ಬರೆದು ಡಬ್ಲ್ಯುಪಿಸಿಗೂ ಇಲಾಖೆಯ ಕೇರಳ ವಲಯ ಕಚೇರಿಗೂ ಕಳಿಸಿ, ತಲುಪಿದ್ದಕ್ಕೆ ರಸೀದಿ ಪಡೆಯಿರಿ. ಡಿಶ್ ಇತ್ತೆಂದು ತಾರೀಖು ಸಮೇತ ತೋರಿಸಲು ಆ ರಸೀದಿಯಾದರೂ ಬೇಕು.

ಪತ್ರದಲ್ಲಿ ಪ್ರತಿ ಡಿಶ್‌ಗೂ ಪ್ರತ್ಯೇಕ ಸಾಲು ಇರಲಿ: ಅಕ್ಷಾಂಶ, ರೇಖಾಂಶ, ನೆಲದಿಂದ ಎತ್ತರ, ಡಿಶ್‌ನ ವ್ಯಾಸ, ಯಾವ ಉಪಗ್ರಹ, ಯಾವ ದಿಕ್ಕು, ಎಷ್ಟು ಏರುಕೋನ, ಯಾವ ಪೋಲರೈಸೇಶನ್, ಎಲ್‌ಎನ್‌ಬಿ (ಡಿಶ್ ಹಿಡಿದ ಸಿಗ್ನಲನ್ನು ವರ್ಧಿಸಿ ಕೇಬಲ್‌ಗೆ ಇಳಿಸುವ ಭಾಗ) ಯಾವ ಮಾದರಿ. ಜೊತೆಗೆ ಎಂಎಸ್‌ಒ ಪತ್ರದ ಪ್ರತಿ, ನಾಲ್ಕೂ ದಿಕ್ಕಿನಿಂದ ತೆಗೆದ ತಾರಸಿಯ ಫೋಟೊ.

ಅಕ್ಷಾಂಶದ ಅಂಕಿಯಲ್ಲೇ ಎಡವಟ್ಟು ಆಗುವುದು. ಕಾಸರಗೋಡು ಪೇಟೆ ಸುಮಾರು 12 ಡಿಗ್ರಿ 30 ಮಿನಿಟಿನಲ್ಲಿದೆ. ದಶಮಾಂಶದಲ್ಲಿ ಬರೆದರೆ ಅದು 12.50. ಮಿನಿಟನ್ನೇ ಚುಕ್ಕಿಯ ನಂತರ ಇಟ್ಟು 12.30 ಎಂದು ತುಂಬಿದರೆ ಡಿಶ್ 22 ಕಿಲೋಮೀಟರ್ ದಕ್ಷಿಣಕ್ಕೆ ಜಾರಿ ಕಾಞಂಗಾಡಿಗೆ ಹೋಗಿ ಕೂರುತ್ತದೆ. ಪರಿಶೀಲಿಸುವವರ ನಕ್ಷೆಯಲ್ಲಿ ನಿಮ್ಮ ಪಕ್ಕದ ಟವರ್‌ಗೂ ನಿಮಗೂ ಆಗ ಸಂಬಂಧವೇ ಇಲ್ಲ. ಫೋನನ್ನು ಡಿಶ್‌ನ ಕಂಬದ ಬುಡದಲ್ಲೇ ಹಿಡಿದು ಓದಿಕೊಳ್ಳಿ, ಗೇಟಿನ ಬಳಿ ಅಲ್ಲ. ಚುಕ್ಕಿಯ ನಂತರ ಐದು ಅಂಕಿ ಇರಲಿ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವೂ ಎಲ್ಲ ಕಡೆ ಒಂದೇ ಆಗಿರಬೇಕು. ಪಂಚಾಯತಿನ ಕಟ್ಟಡ ತೆರಿಗೆ ರಸೀದಿಯಲ್ಲೊಂದು, ಎಂಎಸ್‌ಒ ಪತ್ರದಲ್ಲಿ ಇನ್ನೊಂದು ಇದ್ದರೆ ಎಂಎಸ್‌ಒ ಪತ್ರದ್ದನ್ನೇ ಬಳಸಿ.

ದಿಕ್ಕನ್ನು ದಿಕ್ಸೂಚಿಯಿಂದ ನೋಡಬೇಡಿ, ಕಬ್ಬಿಣದ ಕಂಬದ ಹತ್ತಿರ ಅದು ತಪ್ಪು ತೋರಿಸುತ್ತದೆ. ಲೆಕ್ಕ ಹಾಕಿದರೆ ಕಾಸರಗೋಡಿನಿಂದ 83 ಡಿಗ್ರಿ ಪೂರ್ವದ ಜಿಸ್ಯಾಟ್-30 ಉತ್ತರದಿಂದ ಸುಮಾರು 147 ಡಿಗ್ರಿ ದಿಕ್ಕಿನಲ್ಲಿ, ನೆಲದಿಂದ 72-73 ಡಿಗ್ರಿ ಮೇಲೆ ಸಿಗುತ್ತದೆ. 93.5 ಡಿಗ್ರಿಯ ಜಿಸ್ಯಾಟ್-17ಕ್ಕೆ ದಿಕ್ಕು 123, ಏರುಕೋನ 64.

ಈ ಏರುಕೋನ ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ಡಿಶ್ ಬಹುತೇಕ ನೆತ್ತಿಯತ್ತ ನೋಡುತ್ತದೆ, ಟವರ್ ಇರುವುದು ಅಡ್ಡಕ್ಕೆ. ಹಾಗಾಗಿ ಟವರ್ ಇರುವ ಬದಿಗೆ ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ಡಿಶ್‌ಗಿಂತ ಎತ್ತರಕ್ಕೆ ಕಟ್ಟಿದರೂ ಉಪಗ್ರಹದ ದಾರಿಗೆ ಅಡ್ಡ ಬರುವುದಿಲ್ಲ. ಜಾಲರಿಯ ಕಣ್ಣು ಒಂದು ಸೆಂಟಿಮೀಟರ್‌ಗಿಂತ ಚಿಕ್ಕದಿರಲಿ. ಈ ತರಂಗದ ಉದ್ದವೇ ಸುಮಾರು ಎಂಟು ಸೆಂಟಿಮೀಟರ್.

ದೂರು ಬರೆಯುವ ಮೊದಲು ತಪ್ಪು ಯಾರ ಕಡೆಯದು ಎಂದು ನೋಡಿಕೊಳ್ಳಬೇಕು. ಹಳೆಯ ಎಲ್‌ಎನ್‌ಬಿಗಳು 3400ರಿಂದ 4200ರವರೆಗೆ ಎಲ್ಲವನ್ನೂ ಒಳಗೆ ಬಿಟ್ಟುಕೊಂಡು 60 ಡೆಸಿಬೆಲ್‌ಗೂ ಹೆಚ್ಚು ವರ್ಧಿಸುತ್ತವೆ. 36,000 ಕಿಲೋಮೀಟರ್ ದೂರದಿಂದ ಬರುವ ಕ್ಷೀಣ ಸಿಗ್ನಲ್ ಜೊತೆ ಪಕ್ಕದ ಕಟ್ಟಡದ 5ಜಿಯೂ ನುಗ್ಗಿದರೆ ಎಲ್‌ಎನ್‌ಬಿ ಉಸಿರುಗಟ್ಟಿ ಆ ಡಿಶ್‌ನ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಒಡೆಯುತ್ತವೆ. ಟವರ್ ತನ್ನ ತರಂಗದೊಳಗೇ ಇದ್ದರೂ ಹೀಗಾಗುತ್ತದೆ. ಇದಕ್ಕೆ ಮದ್ದು ನಿಮ್ಮ ಕೈಯಲ್ಲೇ ಇದೆ: ಫಿಲ್ಟರ್. ಅದಕ್ಕೆ ಬದಲು 3700ರ ಆಸುಪಾಸಿನ ಚಾನೆಲ್‌ಗಳು ಮಾತ್ರ ಕೆಟ್ಟು, 4000ದ ಮೇಲಿನವು ಚೆನ್ನಾಗಿದ್ದರೆ, ಟವರ್‌ನ ಹೊರಸೂಸುವಿಕೆ ಗಡಿ ದಾಟಿ ನಿಮ್ಮ ಬ್ಯಾಂಡಿಗೆ ಸೋರುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಯಾವ ಫಿಲ್ಟರೂ ತಡೆಯದು, ಸರಿಪಡಿಸಬೇಕಾದವರು ಟವರ್‌ನವರು.

ಇವೆರಡನ್ನು ಬೇರ್ಪಡಿಸಲು ಸ್ಪೆಕ್ಟ್ರಮ್ ತೋರಿಸುವ ಉಪಗ್ರಹ ಮೀಟರ್ ಸಾಕು. ಎಲ್‌ಎನ್‌ಬಿಯ ಸ್ಥಳೀಯ ಆವರ್ತನ 5150 ಆದ್ದರಿಂದ 4200 ಕೇಬಲ್‌ನಲ್ಲಿ 950 ಆಗಿ, 3700 ಎಂಬುದು 1450 ಆಗಿ ಬರುತ್ತದೆ. 3670ರ ಜಾಗವಾದ 1480ರಿಂದ ಮೇಲಕ್ಕೆ ಎದ್ದು ಕಾಣುವ ಅಗಲ ದಿಬ್ಬವೇ 5ಜಿ. ದೊಡ್ಡ ಸ್ಪೆಕ್ಟ್ರಮ್ ಅನಲೈಸರ್ ಬಳಸುವುದಾದರೆ ನಡುವೆ ಡಿಸಿ ಬ್ಲಾಕ್ ಹಾಕಲೇಬೇಕು, ಕೇಬಲ್‌ನಲ್ಲಿರುವ 13 ಅಥವಾ 18 ವೋಲ್ಟ್ ಅದರ ಒಳಭಾಗವನ್ನು ಸುಟ್ಟುಬಿಡುತ್ತದೆ. ಸಂಜೆ ಮೊಬೈಲ್ ಬಳಕೆ ಏರಿದಾಗ ಒಮ್ಮೆ, ನಡುರಾತ್ರಿ ಒಮ್ಮೆ ಚಿತ್ರ ಉಳಿಸಿಕೊಳ್ಳಿ, ತಾರೀಖು ಮತ್ತು ಗಂಟೆ ಕಾಣುವ ಹಾಗೆ.

5ಜಿಯ ತಲೆಗೆ ಕಟ್ಟಬಾರದ ತೊಂದರೆಗಳೂ ಇವೆ. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೆಗೆ ಹಗಲು ಒಂದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಹೋದರೆ ಅದು ಸೂರ್ಯ ಉಪಗ್ರಹದ ಹಿಂದೆ ಬರುವ ಸನ್ ಔಟೇಜ್. ಮಳೆಗಾಲದಲ್ಲಿ ಫೀಡ್‌ಹಾರ್ನ್‌ಗೆ (ಸಿಗ್ನಲನ್ನು ಎಲ್‌ಎನ್‌ಬಿಗೆ ಒಯ್ಯುವ ಕೊಳವೆ) ನೀರಿಳಿದಿರಬಹುದು, ಕಡಲಗಾಳಿಗೆ ಕನೆಕ್ಟರ್ ಹಸಿರುಗಟ್ಟಿರಬಹುದು. ಇವನ್ನೆಲ್ಲ ನೋಡಿಯಾಯಿತೆಂದು ದೂರಿನಲ್ಲೇ ಬರೆದರೆ ಮೊದಲ ಸುತ್ತಿನ ಪತ್ರವ್ಯವಹಾರ ಉಳಿಯುತ್ತದೆ.

ಫಿಲ್ಟರ್ ಕೊಳ್ಳುವಾಗ 3700-4200 ಎಂದು ಬರೆದಿದ್ದರೆ ಸಾಕೆಂದುಕೊಳ್ಳಬೇಡಿ. 3670ರಲ್ಲಿ ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಕೇಳಿ, ಅಂಕಿ ಬರೆಸಿಕೊಳ್ಳಿ. ಅದನ್ನು ಕೂರಿಸುವುದು ಫೀಡ್‌ಹಾರ್ನ್ ಮತ್ತು ಎಲ್‌ಎನ್‌ಬಿ ನಡುವೆ. ಎಲ್‌ಎನ್‌ಬಿಯ ನಂತರ ಕೇಬಲ್‌ನಲ್ಲಿ ಸೇರಿಸಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಹಾನಿ ಆಗಿಬಿಟ್ಟಿರುತ್ತದೆ. ಫ್ಲಾಂಜಿನ ತೋಡಿನಲ್ಲಿ ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೇ ನೋಡಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ. ತೂಕ ಹೆಚ್ಚಾಗಿ ಫೀಡ್ ಜಗ್ಗುವುದರಿಂದ ಡಿಶ್ಶನ್ನು ಮತ್ತೊಮ್ಮೆ ಟ್ಯೂನ್ ಮಾಡಬೇಕು. ಹಾರ್ನ್ ಕೂಡಿಯೇ ಬಂದ ಎಲ್‌ಎನ್‌ಬಿಗೆ ನಡುವೆ ಜೋಡಿಸುವ ಜಾಗವೇ ಇಲ್ಲ. ಒಳಗೇ ಫಿಲ್ಟರ್ ಇರುವ ಹೊಸ ಎಲ್‌ಎನ್‌ಬಿ ತರಬೇಕು. ಬಿಲ್ ಜೋಪಾನ. ನಿಮ್ಮ ಪಾಲಿನ ಕೆಲಸ ಮುಗಿಸಿದ್ದೀರಿ ಎನ್ನುವುದಕ್ಕೆ ಅದೇ ಪುರಾವೆ.

ಇಷ್ಟಾದ ಮೇಲೂ ತೊಂದರೆ ಉಳಿದರೆ ದೂರು ಕೊಡಿ. ಯಾವ ಕಂಪನಿಯ ಟವರ್ ಎಂದು ತರಂಗ್ ಸಂಚಾರ್ ಪೋರ್ಟಲ್‌ನ ನಕ್ಷೆಯಲ್ಲಿ ಸಿಗುತ್ತದೆ. ಅದೇ ಪೋರ್ಟಲ್‌ನಲ್ಲಿ ಹಣ ಕಟ್ಟಿ ಮಾಡಿಸುವ ವಿಕಿರಣ ಪರೀಕ್ಷೆಗೆ ಮಾತ್ರ ಕೈ ಹಾಕಬೇಡಿ. ಅದು ಜನರ ಮೈಮೇಲೆ ಬೀಳುವ ವಿಕಿರಣದ ಮಿತಿಯನ್ನು ಅಳೆಯುತ್ತದೆ; ನಿಮ್ಮ ಎಲ್‌ಎನ್‌ಬಿಗೆ ಅದರಿಂದ ಎಷ್ಟೋ ಪಾಲು ಕಡಿಮೆ ಸಿಗ್ನಲೂ ವಿಪರೀತ. ‘ಮಿತಿಯೊಳಗಿದೆ’ ಎಂಬ ವರದಿ ಬಂದು, ಅದನ್ನೇ ನಿಮ್ಮ ಎದುರು ಹಿಡಿಯುತ್ತಾರೆ. ಮೊದಲು ಕಂಪನಿಗೆ ಬರೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ದೂರಸಂಪರ್ಕ ಇಲಾಖೆಯ ವಲಯ ಕಚೇರಿಗೆ, ಜೊತೆಗೆ ತರಂಗ ಅಡಚಣೆ ಪತ್ತೆ ಮಾಡುವ ವೈರ್‌ಲೆಸ್ ನಿಗಾ ಸಂಸ್ಥೆಗೆ. ಅದರ ಕೇಂದ್ರಗಳು ಮಂಗಳೂರಿನಲ್ಲೂ ತಿರುವನಂತಪುರದಲ್ಲೂ ಇವೆ.

ತಲಪಾಡಿ, ಮಂಜೇಶ್ವರ, ಪೆರ್ಲ ಬದಿಯವರು ಇನ್ನೊಂದು ಗಮನಿಸಬೇಕು. ಟವರ್ ಗಡಿಯಾಚೆ ಇದ್ದರೆ ಅದು ಕರ್ನಾಟಕ ವಲಯಕ್ಕೆ ಸೇರಿದ್ದು. ಕೇರಳ ವಲಯಕ್ಕೆ ಮಾತ್ರ ಬರೆದರೆ ಕಡತ ಅಲ್ಲಿಂದಿಲ್ಲಿಗೆ ಅಲೆಯುತ್ತದೆ. ಎರಡೂ ಕಚೇರಿಗೆ ಒಂದೇ ದಿನ ಕಳಿಸಿ, ಪ್ರತಿ ಯಾರಿಗೆ ಹೋಗಿದೆ ಎಂದು ಎರಡರಲ್ಲೂ ನಮೂದಿಸಿ.

ದೊಡ್ಡ ಎಂಎಸ್‌ಒದಿಂದ ಫೈಬರ್‌ನಲ್ಲಿ ಫೀಡ್ ತಗೊಳ್ಳುವ ಸ್ಥಳೀಯ ಕೇಬಲ್‌ನವರಿಗೆ ಈ ತಲೆನೋವಿಲ್ಲ, ಅವರಲ್ಲಿ ಡಿಶ್ಶೇ ಇಲ್ಲ. ಅವರಿಗೆ ಬೇಕಾದದ್ದು ಎಲ್‌ಸಿಒ ನೋಂದಣಿ. 2025ರ ಜನವರಿ 17ರಿಂದ ಅದು ಅಂಚೆ ಕಚೇರಿ ಬಿಟ್ಟು ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ಗೆ ಬಂದಿದೆ: ಶುಲ್ಕ 5,000 ರೂಪಾಯಿ, ಅವಧಿ 5 ವರ್ಷ, ದೇಶವಿಡೀ ಚಲಾವಣೆ. ಅವಧಿ ಮುಗಿಯಲು ಕನಿಷ್ಠ 90 ದಿನ ಇರುವಾಗಲೇ ನವೀಕರಣಕ್ಕೆ ಹಾಕಬೇಕು. ಎಂಎಸ್‌ಒ ನೋಂದಣಿಗೆ 2023ರ ತಿದ್ದುಪಡಿಯಂತೆ 10 ವರ್ಷದ ಅವಧಿ, ಒಂದು ಲಕ್ಷ ರೂಪಾಯಿ ಶುಲ್ಕ. ನವೀಕರಣದ ಅರ್ಜಿಗೆ ಸಿಗುವ ಕಾಲ ಅವಧಿ ಮುಗಿಯುವ ಏಳು ತಿಂಗಳ ಹಿಂದಿನಿಂದ ಎರಡು ತಿಂಗಳ ಹಿಂದಿನವರೆಗೆ. ನಿಮ್ಮ ಪತ್ರದ ಕೊನೆಯ ತಾರೀಖನ್ನು ಇವತ್ತೇ ನೋಡಿಕೊಳ್ಳಿ, ಏಕೆಂದರೆ ಡಿಶ್‌ಗಾಗಿ ಬರೆಯುವ ಪ್ರತಿ ಪತ್ರಕ್ಕೂ ಲಗತ್ತಿಸಬೇಕಾದದ್ದು ಅದೇ.