ದನದ ಡಾಕ್ಟರಾದ ಮೇಲೆ ಇನ್ನೇನು ಓದೋದು? ‘ಪಶು ಜೀವವೈದ್ಯಕೀಯ ವಿಜ್ಞಾನ’ ಎಂಬ ಪದ

ಮದ್ದೂರು ಕಡೆಯ ನಮ್ಮೂರಿನ ಹುಡುಗಿಯೊಬ್ಬಳು ಪಶುವೈದ್ಯರಾಗಲು ಓದುವ ಬಿ.ವಿ.ಎಸ್ಸಿ. ಮುಗಿಸಿ ಮತ್ತೆ ಓದಲು ಹೊರಟಳು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸ್ ಅದು. ‘ಡಾಕ್ಟ್ರಾಗಿದ್ದೀಯಲ್ಲ, ಇನ್ನೇನವ್ವ ಓದೋದು?’ ಎಂದು ಡೇರಿ ಮುಂದೆ ಹಾಲಿನ ಕ್ಯಾನ್ ಹಿಡಿದು ನಿಂತವರೆಲ್ಲ ಕೇಳಿದರು. ‘ವೆಟರ್ನರಿ ಬಯೋಮೆಡಿಕಲ್’ ಎಂದಳು. ಯಾರೂ ಮತ್ತೆ ಕೇಳಲಿಲ್ಲ.

ಕನ್ನಡದಲ್ಲಿ ಇದಕ್ಕೆ ಪಶು ಜೀವವೈದ್ಯಕೀಯ ವಿಜ್ಞಾನ ಅನ್ನುತ್ತಾರೆ. ಕಾಯಿಲೆ ಬಿದ್ದ ಹಸುವನ್ನು ನೋಡಿ ಮದ್ದು ಕೊಡುವವರು ಪಶುವೈದ್ಯರು. ಆ ಕಾಯಿಲೆ ಮೈಯೊಳಗೆ ಹೇಗೆ ಬೆಳೆಯಿತು, ಮದ್ದು ಯಾಕೆ ನಾಟಲಿಲ್ಲ ಎಂದು ಹುಡುಕುವ ಓದು ಇದು. ಪಶು ಅಂದರೆ ಹಸು, ಎಮ್ಮೆ ಅಷ್ಟೇ ಅಂದುಕೊಳ್ಳಬೇಡಿ. ಮಳವಳ್ಳಿ ಕಡೆಯ ಬಂಡೂರು ಕುರಿಯೂ ಬಂತು, ಮೈಸೂರು ಝೂನ ಹುಲಿಯೂ ಬಂತು.

ಕೆಚ್ಚಲು ಬಾವನ್ನೇ ನೋಡೋಣ. ನಮ್ಮ ಮನೆಯ ಹಸುವಿಗೆ ಹೋದ ವರ್ಷ ಬಂದಿತ್ತು. ಇಂಜೆಕ್ಷನ್ ಕೊಡಿಸಿದೆವು, ವಾಸಿಯಾಯಿತು, ಮತ್ತೆ ಬಂತು. ಒಂದು ಮೊಲೆಯ ಹಾಲು ಬತ್ತಿಯೇ ಹೋಯಿತು. ಹೊರಗಿನಿಂದ ನೋಡಿದರೆ ಎಲ್ಲ ಬಾವೂ ಒಂದೇ ಥರ. ಒಳಗಿನ ರೋಗಾಣು ಮಾತ್ರ ಬೇರೆ ಬೇರೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬುದು ಕೆಚ್ಚಲಿನ ಜೀವಕೋಶದ ಒಳಗೇ ಅಡಗಿ ಕೂರಬಲ್ಲದು. ಅಲ್ಲಿಗೆ ಎಷ್ಟೋ ಮದ್ದು ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ವಾಸಿಯಾದಂತೆ ಕಂಡು ಮತ್ತೆ ಮರುಕಳಿಸುತ್ತದೆ. ಮೈಕ್ರೋಬಯಾಲಜಿ ಓದುವವರು ಹಾಲಿನಿಂದ ಆ ರೋಗಾಣುವನ್ನು ಬೆಳೆಸಿ, ಯಾವ ಆಂಟಿಬಯಾಟಿಕ್‌ಗೆ ಸಾಯುತ್ತದೆ ಎಂದು ಪರೀಕ್ಷೆ ಮಾಡುತ್ತಾರೆ. ಕೆಚ್ಚಲಿನ ಅಂಗಾಂಶ ಎಷ್ಟು ಕೆಟ್ಟಿದೆ ಎಂದು ನೋಡುವುದು ಪೆಥಾಲಜಿ. ಕೊಟ್ಟ ಮದ್ದು ಹಾಲಿನಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಲೆಕ್ಕ ಹಾಕುವುದು ಫಾರ್ಮಕಾಲಜಿ. ಆ ಹಾಲು ಮಕ್ಕಳ ಲೋಟಕ್ಕೂ ಹೋಗುತ್ತದೆ, ಅಲ್ವಾ? ಒಂದೇ ಕೆಚ್ಚಲಿನ ಸುತ್ತ ಇಷ್ಟೊಂದು ಓದು. ಇವೆಲ್ಲ ಸೇರಿದ್ದೇ ಜೀವವೈದ್ಯಕೀಯ.

ನಮ್ಮಲ್ಲಿ ಸಾಮಾನ್ಯವಾಗಿ ಡಿಗ್ರಿ ಸಿಗುವುದು ಈ ಒಟ್ಟು ಹೆಸರಿನಲ್ಲಲ್ಲ, ಒಂದೊಂದು ವಿಭಾಗದ ಹೆಸರಿನಲ್ಲಿ: ಎಂ.ವಿ.ಎಸ್ಸಿ. (ಪಶುವೈದ್ಯಕೀಯ ಸ್ನಾತಕೋತ್ತರ ಡಿಗ್ರಿ) ಪೆಥಾಲಜಿ, ಎಂ.ವಿ.ಎಸ್ಸಿ. ಮೈಕ್ರೋಬಯಾಲಜಿ ಹೀಗೆ. ಎರಡು ವರ್ಷದ ಓದು, ಅದರ ಮೇಲೆ ಪಿಎಚ್.ಡಿ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳಲ್ಲಿ ವೆಟರ್ನರಿ ಬಯೋಮೆಡಿಕಲ್ ಎಂಬ ವಿಭಾಗವೇ ಇದೆ. ಅಲ್ಲಿ ಬರೀ ಬಿ.ಎಸ್ಸಿ. ಓದಿದವರೂ ಸೇರಬಹುದು. ನಮ್ಮ ಎಂ.ವಿ.ಎಸ್ಸಿ.ಗೆ ಪಶುವೈದ್ಯಕೀಯ ಡಿಗ್ರಿ ಇರಲೇಬೇಕು. ಮಂಡ್ಯ, ಮೈಸೂರು ಕಡೆಯವರಿಗೆ ಹತ್ತಿರದ ಪಶುವೈದ್ಯಕೀಯ ಕಾಲೇಜುಗಳು ಹಾಸನ ಮತ್ತು ಬೆಂಗಳೂರಿನ ಹೆಬ್ಬಾಳದಲ್ಲಿವೆ. ಎರಡೂ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿವೆ.

ಇನ್ನು ಈ ಓದಿನಲ್ಲಿ ಸಿಗುವ ‘ರಿಸರ್ಚ್ ಟ್ರೈನಿಂಗ್’, ಅಂದರೆ ಸಂಶೋಧನೆಯ ತರಬೇತಿ. ಗೈಡ್, ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ), ತೀಸಿಸ್, ವೈವಾ (ಮೌಖಿಕ ಪರೀಕ್ಷೆ) ಇವೆಲ್ಲ ಇದ್ದೇ ಇರುತ್ತವೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಾದರೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಮೊದಲು ಒಪ್ಪಬೇಕು. ಆದರೆ ನನ್ನ ಪ್ರಕಾರ ನಿಜವಾದ ತರಬೇತಿ ಒಂದು ಖಾಲಿ ತಟ್ಟೆಯಲ್ಲಿದೆ. ಹಾಲಿನ ಸ್ಯಾಂಪಲ್ ಹಾಕಿದ ತಟ್ಟೆಗಳ ಜೊತೆಗೆ ರೋಗಾಣು ಬೆಳೆಯಲು ಬೇಕಾದ ಆಹಾರ ಮಾತ್ರ ಇದ್ದು ಸ್ಯಾಂಪಲ್ ಹಾಕದ ತಟ್ಟೆಯನ್ನೂ 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ಆ ಖಾಲಿ ತಟ್ಟೆಯಲ್ಲಿ ಏನಾದರೂ ಬೆಳೆದಿದ್ದರೆ ಹೊರಗಿನ ಕೊಳೆ ಸೇರಿದೆ ಎಂದರ್ಥ. ಉಳಿದ ತಟ್ಟೆಗಳಲ್ಲಿ ಎಷ್ಟೇ ಚೆನ್ನಾಗಿ ಬೆಳೆದಿರಲಿ, ಆ ದಿನದ ಕೆಲಸ ನಂಬುವಂತಿಲ್ಲ. ಮತ್ತೆ ಮೊದಲಿಂದ ಶುರು. ಹೀಗೆ ಎಷ್ಟೋ ಸಲ ಮಾಡಿದವರ ಕೈಗೆ, ಕಣ್ಣಿಗೆ ಒಂದು ಪ್ರಾಮಾಣಿಕತೆ ಬಂದುಬಿಡುತ್ತದೆ. ಅದಕ್ಕೇ ನನಗೆ ಈ ಓದಿನ ಮೇಲೆ ಜಾಸ್ತಿ ಗೌರವ.

ಹಸು ಸಾಕುವವರಿಗೂ ಇದರಲ್ಲಿ ಒಂದು ಪಾಲಿದೆ. ಕೆಚ್ಚಲು ಬಾವು ಕಂಡರೆ ಮೊದಲ ಇಂಜೆಕ್ಷನ್‌ಗೆ ಮುಂಚೆಯೇ ಸ್ಯಾಂಪಲ್ ತೆಗೆಯಲು ಡಾಕ್ಟರನ್ನು ಕೇಳಿ. ಮೊಲೆತೊಟ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೊದಲ ಕೆಲವು ಪಿಚಕಾರಿ ಹಾಲು ಚೆಲ್ಲಿ, ಆಮೇಲೆ ರೋಗಾಣು ಇಲ್ಲದಂತೆ ಶುದ್ಧಮಾಡಿದ (ಸ್ಟೆರೈಲ್) ಬಾಟಲಿಗೆ ಹಿಡಿದು, ಐಸ್‌ನಲ್ಲಿಟ್ಟು ಕಳಿಸಬೇಕು. ನಾವು ಕಳಿಸಿದ್ದು ಇಂಜೆಕ್ಷನ್ ಬಿದ್ದ ಮೇಲೆ. ಲ್ಯಾಬಿನ ತಟ್ಟೆಯಲ್ಲಿ ಏನೂ ಬೆಳೆಯಲೇ ಇಲ್ಲ.