ಸಾ-ವೆಟ್ ಗೂಬೆ: ಅಪರೂಪ ಅಂತ ಹೇಳಿದ್ಯಾರು?

ಗರಗಸದ ಹಲ್ಲಿಗೆ ಅರ ಉಜ್ಜಿ ಹರಿತ ಮಾಡ್ತಾರಲ್ಲ, ಆ ಸದ್ದಿನ ಥರ ಕೂಗುತ್ತೆ ಅಂತ ಅಮೆರಿಕದ ಈ ಗೂಬೆಗೆ ಸಾ-ವೆಟ್ ಅಂತ ಹೆಸರು ಬಿತ್ತಂತೆ. ತೂಕ ಹೆಚ್ಚುಕಮ್ಮಿ 80-100 ಗ್ರಾಂ, ನಮ್ಮ ಹಾಲಕ್ಕಿಗಿಂತ ಒಂಚೂರು ಸಣ್ಣದೇ. ಕೆನಡಾ ಮತ್ತೆ ಅಮೆರಿಕದ ಉತ್ತರ ಭಾಗದ ಕಾಡಿನ ಹಕ್ಕಿ, ಚಳಿಗಾಲದಲ್ಲಿ ದಕ್ಷಿಣದ ಕಡೆ ಎಲ್ಲೋ ಒಂದು ಕಂಡ್ರೆ ಬಹಳ ದಿನ ಅದನ್ನ ದಾರಿ ತಪ್ಪಿ ಬಂದ ಅಪರೂಪದ ಅತಿಥಿ ಅಂತಲೇ ಬರ್ಕೊಳ್ತಿದ್ರು.

ಹಂಗಂತ ಸುಳಿವೇ ಇರ್ಲಿಲ್ಲ ಅಂತಲ್ಲ. 1906ರ ಅಕ್ಟೋಬರ್‌ನಲ್ಲಿ ಕೆನಡಾ-ಅಮೆರಿಕ ಗಡಿಯ ಹ್ಯೂರಾನ್ ಸರೋವರದ ಮೇಲೆ ಬಿರುಗಾಳಿ ಬೀಸಿ, ವಲಸೆ ಹೊರಟಿದ್ದ ಹಕ್ಕಿಗಳು ರಾಶಿ ರಾಶಿ ಸತ್ತು ದಡಕ್ಕೆ ಬಿದ್ವು, ಸಾಂಡರ್ಸ್ ಅನ್ನೋ ಪಕ್ಷಿತಜ್ಞ ದಡದುದ್ದಕ್ಕೂ ನಡೆದು ಎಣಿಸಿದಾಗ ಅದ್ರಲ್ಲಿ 24 ಸಾ-ವೆಟ್ ಗೂಬೆ ಇದ್ವು. ದಾರಿ ತಪ್ಪಿದ್ದು ಅಂದ್ರೆ ಒಂದೋ ಎರಡೋ ಸರಿ, 24 ಒಟ್ಟಿಗೆ ದಾರಿ ತಪ್ಪುತ್ವಾ? 1910ರಲ್ಲಿ ಕೆನಡಾದ ಪಾಯಿಂಟ್ ಪೀಲೀಯಲ್ಲೂ ಪೊದೆ ತಡಕಾಡಿದವ್ರಿಗೆ ಹತ್ತಾರು ಸಿಕ್ವು. ಆದ್ರೂ ಅಪರೂಪ ಅನ್ನೋ ಮಾತು ಸುಲಭಕ್ಕೆ ಹೋಗ್ಲಿಲ್ಲ, ಯಾಕಂದ್ರೆ ಇದು ಹಾರೋದು ರಾತ್ರಿ, ವಲಸೆ ಟೈಮಲ್ಲಿ ಕೂಗೋದೂ ಕಮ್ಮಿ, ಹಗಲಲ್ಲಿ ನಮ್ಮ ತಲೆ ಎತ್ತರದ ಕೊಂಬೇಲೇ ಕೂತಿದ್ರೂ ಅಲುಗಾಡಲ್ಲ, ಜನ ಪಕ್ಕದಲ್ಲೇ ನಡ್ಕೊಂಡು ಹೋಗ್ತಾರೆ.

ಕತೆ ಬದಲಾಗಿದ್ದು ಟೇಪ್‌ರೆಕಾರ್ಡರ್‌ನಿಂದ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಗಂಡು ಗೂಬೆಯ ಕೂಗನ್ನ ರಾತ್ರಿಯೆಲ್ಲಾ ಜೋರಾಗಿ ಪ್ಲೇ ಮಾಡಿ ಸುತ್ತ ಮಿಸ್ಟ್ ನೆಟ್ ಅನ್ನೋ ಹಕ್ಕಿ ಹಿಡಿಯೋ ತೆಳ್ಳನೆ ಬಲೆ ಕಟ್ಟಿದ್ರು, ಬಲೆಗೆ ಬೀಳೋ ಸಂಖ್ಯೆ ಸರ್ರನೆ ಏರ್ತು. ಡೇವಿಡ್ ಬ್ರಿಂಕರ್ ಅನ್ನೋ ಪಕ್ಷಿ ಸಂಶೋಧಕ 1990ರ ದಶಕದಲ್ಲಿ ಪ್ರಾಜೆಕ್ಟ್ ಔಲ್‌ನೆಟ್ ಶುರು ಮಾಡಿದ್ಮೇಲೆ ಬೇರೆ ಬೇರೆ ಊರಿನವ್ರು ಒಂದೇ ರೀತಿ ಹಿಡಿದು, ತೂಕ ನೋಡಿ, ಕಾಲಿಗೆ ಉಂಗುರ ಹಾಕಿ ಬಿಡೋದು ಮಾಡಿದ್ರು, ಈಗ ಇಂಥ ಜಾಗ ನೂರಕ್ಕೂ ಹೆಚ್ಚಿವೆ. ರೆಕ್ಕೆ ಕೆಳಗೆ ಅಲ್ಟ್ರಾವೈಲೆಟ್ ಲೈಟ್ ಬಿಟ್ರೆ ಹೊಸ ಗರಿ ಗುಲಾಬಿ ಬಣ್ಣಕ್ಕೆ ಹೊಳೆಯುತ್ತೆ, ಹಳೇದು ಮಂಕು, ವಯಸ್ಸು ಗೊತ್ತಾಗೋದು ಹಂಗೆ. ಉತ್ತರದ ಕಾಡಲ್ಲಿ ಇಲಿಗಳು ಚೆನ್ನಾಗಿ ಹೆಚ್ಚಿದ ವರ್ಷ ಮರಿಗಳೂ ಜಾಸ್ತಿ, ಆಮೇಲೆ ದಕ್ಷಿಣಕ್ಕೆ ದಂಡೇ ಬರುತ್ತೆ, ಸುಮಾರು ನಾಲ್ಕು ವರ್ಷಕ್ಕೊಂದ್ಸಲ ಈ ಅಬ್ಬರ.

ಒಂದು ಜಗಳ ಮಾತ್ರ ಮುಗಿದಿಲ್ಲ. ಬಲೆಗೆ ಬೀಳೋವು ಬಹುಪಾಲು ಹೆಣ್ಣು. ಗಂಡುಗಳು ಜಾಗ ಕಾಯ್ಕೊಂಡು ಉತ್ತರದಲ್ಲೇ ಉಳೀತಾವಾ, ಇಲ್ಲಾ ಇನ್ನೊಂದು ಗಂಡಿನ ಕೂಗು ಕೇಳಿ ಹತ್ರ ಬರಲ್ವಾ? ನನ್ನ ಕೇಳಿದ್ರೆ ಕೂಗಿನ ಆಮಿಷವೇ ಲೆಕ್ಕವನ್ನ ಸ್ವಲ್ಪ ಓರೆ ಮಾಡಿರ್ಬೇಕು.

2020ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನ ಕ್ರಿಸ್‌ಮಸ್ ಮರದೊಳಗೆ ಸಿಕ್ಕಿ ರಾಕಿ ಅಂತ ಹೆಸರು ಪಡೆದಿದ್ದು ಈ ಗೂಬೆನೇ. ಎಷ್ಟೋ ಜನ ಅದನ್ನ ಮರಿ ಅಂದ್ಕೊಂಡ್ರು, ಅದು ಪೂರ್ತಿ ಬೆಳೆದ ಹಕ್ಕಿ. ಆ ಮರ ಬಂದಿದ್ದು ನ್ಯೂಯಾರ್ಕ್ ರಾಜ್ಯದ ಒನಿಯೊಂಟಾ ಊರಿಂದ, ಕಡಿದು, ಹಗ್ಗ ಬಿಗಿದು, ಲಾರೀಲಿ ಅಷ್ಟು ದೂರ ತಂದ್ರೂ ಒಳಗೆ ಕೂತಿದ್ದು ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ.