ಟಿಬಿಎಸ್: ಮೂಳೆಯ ನೇಯ್ಗೆಗೊಂದು ಅಂಕ

ಮೂಳೆ ಸಾಂದ್ರತೆಯ ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗೆ ಹೋಲಿಸಿ ಕೊಡುವ ಸಾಂದ್ರತೆಯ ಅಂಕ) ಜೊತೆಗೆ ಕೆಲವೊಮ್ಮೆ ಕಾಣಿಸುವ ಟಿಬಿಎಸ್ ಎಂಬುದು ‘ಟ್ರಬೆಕ್ಯುಲರ್ ಬೋನ್ ಸ್ಕೋರ್’ ಎಂಬುದರ ಹ್ರಸ್ವರೂಪ. ಸೊಂಟದ ಭಾಗದ ಬೆನ್ನುಮೂಳೆಯ ಡೆಕ್ಸಾ (ಮೂಳೆ ಸಾಂದ್ರತೆ ಅಳೆಯುವ ಎಕ್ಸ್-ರೇ ಸ್ಕ್ಯಾನ್) ಚಿತ್ರದಲ್ಲಿ ಬೂದುಬಣ್ಣದ ಛಾಯೆ ಒಂದು ಚುಕ್ಕೆಯಿಂದ (ಪಿಕ್ಸೆಲ್) ಮತ್ತೊಂದಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಲೆಕ್ಕಹಾಕಿ, ಮೂಳೆಯ ಒಳರಚನೆಯ ಸ್ಥಿತಿಯನ್ನು ಪರೋಕ್ಷವಾಗಿ ಸೂಚಿಸುವ ಸಂಖ್ಯೆ ಇದು. ಈ ಬಗೆಯ ಲೆಕ್ಕಾಚಾರವನ್ನು ಟೆಕ್ಸ್ಚರ್ ವಿಶ್ಲೇಷಣೆ ಎನ್ನುತ್ತಾರೆ. ಟೆಕ್ಸ್ಚರ್ ಅನ್ನು ‘ವಿನ್ಯಾಸ’ ಎಂದು ಅನುವಾದಿಸುವುದುಂಟಾದರೂ ಆ ಪದ ಈಗಾಗಲೇ ಬೇರೆ ಹತ್ತು ಅರ್ಥಗಳನ್ನು ಹೊತ್ತು ನಿಂತಿರುವುದರಿಂದ ಇಲ್ಲಿಗೆ ‘ನೇಯ್ಗೆ’ಯೇ ಹೆಚ್ಚು ಒಪ್ಪುತ್ತದೆ, ಮೂಲ ಲ್ಯಾಟಿನ್ ಧಾತುವಿಗೂ ನೇಯುವುದೆಂದೇ ಅರ್ಥ.

ಕಶೇರುವಿನ, ಅಂದರೆ ಬೆನ್ನುಮೂಳೆಯ ಒಂದೊಂದು ಬಿಲ್ಲೆಯ, ಒಳಭಾಗದಲ್ಲಿ ಟ್ರಬೆಕ್ಯುಲಾ ಎಂಬ ಸೂಕ್ಷ್ಮ ಕಡ್ಡಿಗಳೂ ಹಾಳೆಗಳೂ ಒಂದಕ್ಕೊಂದು ಕೂಡಿಕೊಂಡು ಜಾಲರಿಯಾಗಿರುತ್ತವೆ. ಡೆಕ್ಸಾ ಅಳೆಯುವುದು ಒಂದು ಚದರ ಸೆಂಟಿಮೀಟರ್ ಹರವಿನಲ್ಲಿ ಎಷ್ಟು ಖನಿಜವಿದೆ ಎಂಬುದನ್ನೇ ಹೊರತು ಅದು ಹೇಗೆ ಹರಡಿಕೊಂಡಿದೆ ಎಂಬುದನ್ನಲ್ಲ. ಅಷ್ಟೇ ತೂಕದ ನೂಲಿನಿಂದ ಒತ್ತಾದ ಬಟ್ಟೆಯನ್ನೂ ನೇಯಬಹುದು, ಜಾಳುಜಾಳಾದುದನ್ನೂ ನೇಯಬಹುದು. ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಎನ್ನಲು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ −2.5ರ ಟಿ-ಸ್ಕೋರ್ ಗೆರೆಯನ್ನು ಮುಟ್ಟದವರಲ್ಲೂ ಮೂಳೆ ಮುರಿತಗಳು ಬಹಳವಾಗಿ ಸಂಭವಿಸುವುದಕ್ಕೆ ಇದೊಂದು ಕಾರಣ.

ಆದರೆ ಡೆಕ್ಸಾ ಚಿತ್ರದಲ್ಲಿ ಈ ಜಾಲರಿ ಕಣ್ಣಿಗೆ ಕಾಣುತ್ತದೆಂದು ಭಾವಿಸಬಾರದು. ಕಡ್ಡಿಗಳ ದಪ್ಪ ಸುಮಾರು 0.1ರಿಂದ 0.2 ಮಿಲಿಮೀಟರ್ ಮಾತ್ರ, ಚಿತ್ರದ ಚುಕ್ಕೆ ಅದಕ್ಕಿಂತ ದೊಡ್ಡದು. ಕಾಣುವುದು ಜಾಲರಿಯ ನೆರಳು. ಒತ್ತಾದ ಜಾಲರಿಯ ನೆರಳಿನಲ್ಲಿ ಛಾಯೆಯ ಏರಿಳಿತಗಳು ಹಲವು, ಆದರೆ ಒಂದೊಂದೂ ಚಿಕ್ಕದು. ಜಾಲರಿ ಸವೆದಾಗ ಏರಿಳಿತಗಳು ವಿರಳವಾಗಿ ದೊಡ್ಡದಾಗುತ್ತವೆ. ಎರಡು ಚುಕ್ಕೆಗಳ ನಡುವಿನ ಛಾಯಾವ್ಯತ್ಯಾಸದ ವರ್ಗವನ್ನು ಅವುಗಳ ಅಂತರಕ್ಕೆ ಎದುರಾಗಿಟ್ಟು ಎಳೆದ ನಕ್ಷೆಗೆ ವೇರಿಯೋಗ್ರಾಮ್ ಎಂದು ಹೆಸರು. ಅದನ್ನು ಲಾಗ್ ಮಾಪಕದಲ್ಲಿ ಬರೆದಾಗ ಆರಂಭದಲ್ಲಿ ಕಾಣುವ ಇಳಿಜಾರೇ ಟಿಬಿಎಸ್: ಕಡಿದಾಗಿದ್ದರೆ ನೇಯ್ಗೆ ಚೆನ್ನಾಗಿದೆ, ಮಟ್ಟಸವಾಗಿದ್ದರೆ ಹದಗೆಟ್ಟಿದೆ. ಮೊದಲಿನಿಂದ ಬಳಕೆಯಲ್ಲಿರುವ ಮಿತಿಗಳ ಪ್ರಕಾರ 1.350 ಮತ್ತು ಅದಕ್ಕೂ ಮೇಲಿನದು ಸಹಜ, 1.200 ಮತ್ತು ಅದಕ್ಕೂ ಕೆಳಗಿನದು ಶಿಥಿಲ. ಹೊಸ ಸ್ಕ್ಯಾನ್ ಆಗಲಿ, ಹೆಚ್ಚಿನ ವಿಕಿರಣವಾಗಲಿ ಬೇಕಿಲ್ಲ. ತೆಗೆದಿರುವ ಚಿತ್ರವನ್ನೇ ತಂತ್ರಾಂಶ ಮತ್ತೊಮ್ಮೆ ಓದುತ್ತದೆ. ಈ ವಿಧಾನದ ದೊಡ್ಡ ಅನುಕೂಲ ಇದೇ ಎನ್ನಬೇಕು.

ಕೆನಡಾದ ಮ್ಯಾನಿಟೋಬಾದಲ್ಲಿ 50 ದಾಟಿದ 29,407 ಮಹಿಳೆಯರ ದಾಖಲೆಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ, ಸಾಂದ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಟಿಬಿಎಸ್ ಮುರಿತದ ಅಪಾಯವನ್ನು ಸ್ವತಂತ್ರವಾಗಿ ಸೂಚಿಸುತ್ತದೆಂದು ತೋರಿಸಿತು. ಇದರ ಬೆಲೆ ಎದ್ದು ಕಾಣುವುದು ಎರಡನೇ ಬಗೆಯ ಮಧುಮೇಹದಲ್ಲಿ: ಅಲ್ಲಿ ಸಾಂದ್ರತೆ ಸಹಜವಾಗಿ, ಕೆಲವೊಮ್ಮೆ ಹೆಚ್ಚಾಗಿಯೇ ಇದ್ದರೂ ಮೂಳೆ ಮುರಿಯುವ ಸಂಭವ ಹೆಚ್ಚು, ಟಿಬಿಎಸ್ ಮಾತ್ರ ತಗ್ಗಿರುತ್ತದೆ. ದೀರ್ಘಕಾಲ ಸ್ಟಿರಾಯ್ಡ್ ಸೇವಿಸುವವರಲ್ಲೂ ಹೀಗೆಯೇ. ವಯಸ್ಸಾದವರ ಬೆನ್ನುಮೂಳೆಯ ಅಂಚಿನಲ್ಲಿ ಬೆಳೆಯುವ ಮೂಳೆಮುಳ್ಳುಗಳು ಸಾಂದ್ರತೆಯ ಅಂಕಿಯನ್ನು ಸುಳ್ಳಾಗಿ ಏರಿಸುತ್ತವೆ; ಟಿಬಿಎಸ್ ಅದಕ್ಕೆ ಅಷ್ಟಾಗಿ ಮೋಸಹೋಗುವುದಿಲ್ಲ.

ಹಾಗೆಂದು ಈ ಅಂಕವೊಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸುವುದಿಲ್ಲ. ಮುಂದಿನ 10 ವರ್ಷಗಳ ಮುರಿತದ ಸಂಭವವನ್ನು ಅಂದಾಜಿಸುವ ಫ್ರ್ಯಾಕ್ಸ್ ಲೆಕ್ಕವನ್ನು ತುಸು ಮೇಲಕ್ಕೋ ಕೆಳಕ್ಕೋ ತಿದ್ದಲು ಇದನ್ನು ಬಳಸುತ್ತಾರೆ. ಹೊಟ್ಟೆಯ ಕೊಬ್ಬು ನೆರಳನ್ನು ಮಸುಕುಗೊಳಿಸಿ ಅಂಕವನ್ನು ತಗ್ಗಿಸಬಲ್ಲದಾದ್ದರಿಂದ, ತಂತ್ರಾಂಶದ ಹಿಂದಿನ ಆವೃತ್ತಿಗಳಲ್ಲಿ ದೇಹತೂಕ ಸೂಚ್ಯಂಕ (ಬಿಎಂಐ) 15ರಿಂದ 37ರೊಳಗೆ ಇರುವವರಿಗಷ್ಟೇ ಈ ಲೆಕ್ಕ ಅನ್ವಯಿಸುತ್ತಿತ್ತು.